ಶಿವಮೂರ್ತಪ್ಪ ಹಚ್ಚಿದ ವಿಭೂತಿ

ನನ್ನ ತಮ್ಮ ಶಿವಮೂರ್ತಪ್ಪ ಓದಿದ್ದು ಹತ್ತನೇ ಕ್ಲಾಸು, ಅದೂ ಎರಡನೇ ಸಲಕ್ಕೆ ಪಾಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿದವರು ಅವನನ್ನು ದೊಡ್ಡ ವಿಜ್ಞಾನಿ ಅಂದುಕೊಳ್ಳಬಾರದಲ್ಲ. ಬರೆದುಕೊ ಇಂಪನಾ, ನಿನ್ನ ಚಿಕ್ಕಜ್ಜನಿಗೆ ಬೇಜಾರಾಗುವುದಿಲ್ಲ.

ನನಗೂ ಅವನಿಗೂ ಹದಿಮೂರು ವರ್ಷ ಅಂತರ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಸಣ್ಣವನಿದ್ದಾಗ ಏನು ಕೊಟ್ಟರೂ ಮೂಗಿಗೆ ತಾಗಿಸಿಕೊಂಡು ನೋಡುತ್ತಿದ್ದ. ರೊಟ್ಟಿ ಕೊಟ್ಟರೆ ರೊಟ್ಟಿಯ ಮೇಲಿನ ಸುಟ್ಟ ಚುಕ್ಕಿ ನೋಡುತ್ತಾ ಕೂರುತ್ತಿದ್ದ, ರೊಟ್ಟಿ ಆರಿ ಹಪ್ಪಳವಾಗುತ್ತಿತ್ತು. ಅವ್ವ ಹೆದರಿ ಭದ್ರಾವತಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿ, "ತಾಯಿ, ನಿಮ್ಮ ಮಗನ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ. ಇವನು ಸ್ವಲ್ಪ ನಿಧಾನಸ್ಥ ಅಷ್ಟೇ" ಅಂದರಂತೆ. ಅವ್ವ ದಾರಿಯುದ್ದಕ್ಕೂ ಡಾಕ್ಟರನ್ನು ಬೈದುಕೊಂಡೇ ಬಂದಳು.

ಆ ನಿಧಾನವೇ ಮುಂದೆ ಅವನಿಗೆ ಅನ್ನ ಕೊಟ್ಟಿತು. ಇಪ್ಪತ್ತೆರಡನೇ ವಯಸ್ಸಿಗೆ ಕಾಗದನಗರದ ಮಿಲ್ಲಿನ ಲ್ಯಾಬಿನಲ್ಲಿ ಹೆಲ್ಪರ್ ಆಗಿ ಸೇರಿದ. ಕೆಲಸ ಏನಪ್ಪಾ ಅಂದರೆ, ಕಾಗದ ಮಾಡುವ ತಿಳಿಗಂಜಿಯಿಂದ ಒಂದು ಹನಿ ಎತ್ತಿ ಗಾಜಿನ ಪಟ್ಟಿಯ ಮೇಲೆ ಬಿಡಬೇಕು, ಸೂಜಿಯಲ್ಲಿ ನಾರುಗಳನ್ನು ಬಿಡಿಸಬೇಕು, ಬಣ್ಣದ ಒಂದು ತೊಟ್ಟು ಹಾಕಿ ಮೈಕ್ರೋಸ್ಕೋಪಿನ ಕೆಳಗಿಡಬೇಕು. ಇದರಲ್ಲಿ ಬಿದಿರು ಎಷ್ಟು, ನೀಲಗಿರಿ ಎಷ್ಟು, ಕಬ್ಬಿನ ಸಿಪ್ಪೆ ಎಷ್ಟು ಅಂತ ಎಣಿಸಿ ಹೇಳಬೇಕು. ನನ್ನ ಮಗಳ ಮದುವೆ ಕರೆಯೋಲೆ ಅಚ್ಚಾಗಿ ಬಂದಾಗ ಈ ಮಹಾರಾಯ ಒಂದರ ಮೂಲೆ ಹರಿದು ನೀರಿನಲ್ಲಿ ನೆನೆಹಾಕಿ, "ಅಕ್ಕ, ನಿಂಗೆ ಮೋಸ ಮಾಡಿದಾರೆ, ಇದ್ರಲ್ಲಿ ಹಳೇ ಪೇಪರ್ ಸೇರ್ಸಿದಾರೆ" ಅಂದಿದ್ದ. ಬೀಗರೆದುರಿಗೆ.

ಆ ಲ್ಯಾಬಿನಲ್ಲಿ ಅವನಿಗೆ ಕೆಲಸ ಕಲಿಸಿದವರು ಉಜ್ಜನಪ್ಪ ಅಂತ ಹಿರಿಯರು. ಸೂಜಿ ಹಿಡಿಯುವುದರಿಂದ ಹಿಡಿದು ಆಯುಧಪೂಜೆ ಮಾಡುವುದರವರೆಗೆ ಎಲ್ಲ ಅವರೇ ಕಲಿಸಿದ್ದು. ಮಿಲ್ಲಿನ ಆಯುಧಪೂಜೆ ಅಂದರೆ ಏನಂದುಕೊಂಡೆ. ಹಿಂದಿನ ದಿನವೇ ಯಂತ್ರಗಳಿಗೆಲ್ಲ ಸ್ನಾನ, ಬೆಳಿಗ್ಗೆ ಚೆಂಡುಹೂವಿನ ಸರ, ಗೇಟಿನಲ್ಲಿ ಬೂದುಗುಂಬಳಕಾಯಿ, ಕ್ವಾರ್ಟರ್ಸಿನ ತಮಿಳರು ತೆಲುಗರು ನಾವು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಪುಳಿಯೋಗರೆ ತಿನ್ನುವುದು. ಉಜ್ಜನಪ್ಪನವರದು ಮಾತ್ರ ಒಂದು ಬೇರೆ ಪದ್ಧತಿ. "ಮೇಲೆ ಹಚ್ಚೋ ವಿಭೂತಿ ಜನ ನೋಡೋಕೆ. ಯಂತ್ರದ ಜೀವ ಇರೋದು ಹೊಟ್ಟೇಲಿ" ಅನ್ನುತ್ತಿದ್ದರಂತೆ. ಮುಚ್ಚಳ ತೆಗೆದು ಒಳಗಡೆ ಮೂರು ಬೆರಳಲ್ಲಿ ಮೂರು ಪಟ್ಟೆ ಎಳೆಯುತ್ತಿದ್ದರು. ಮಿಲ್ಲಿನಲ್ಲಿ ಪ್ರತಿ ಯಂತ್ರದ ಹೊಟ್ಟೆಯಲ್ಲೂ ದಿನವಿಡೀ ನೀರು ಹರಿಯುತ್ತಿತ್ತು. ಆ ಬೂದಿ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ.

ಮಿಲ್ಲು ನಿಂತಿತು. ಅದರ ಕಥೆ ಭದ್ರಾವತಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ಶಿವು ಎರಡು ವರ್ಷ ಸುಮ್ಮನೆ ಕೂತು, ಆಮೇಲೆ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆದ. ವರ್ಷ ವರ್ಷಕ್ಕೂ ಮುಂದುವರಿಸುವ ಕೆಲಸ, ಖಾಯಂ ಅಲ್ಲ. ಬೆಳಿಗ್ಗೆ ಕಾಗದನಗರದಿಂದ ಬಸ್ಸು, ಮಧ್ಯಾಹ್ನ ರವೀಂದ್ರನಗರದ ನಮ್ಮ ಮನೆಯಲ್ಲಿ ಊಟ. ಹಾಗಾಗಿ ಆ ಲ್ಯಾಬಿನಲ್ಲಿ ನಡೆದದ್ದೆಲ್ಲ ನನಗೆ ಅನ್ನ ಬಡಿಸುವಾಗ ಗೊತ್ತಾಗುತ್ತಿತ್ತು.

ಒಂದು ದಿನ ಬಂದವನೇ ಕೈ ತೊಳೆಯುವುದನ್ನೂ ಮರೆತು ನಿಂತುಕೊಂಡ.

"ಅಕ್ಕ, ಹೊಸ ಮೈಕ್ರೋಸ್ಕೋಪ್ ಬಂತು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಅದ್ರಲ್ಲಿ ಬೆಳಕೇ ಇಲ್ಲ."

"ಬೆಳಕಿಲ್ದೆ ಏನು ಕಾಣ್ಸುತ್ತೋ ಮಾರಾಯ?"

"ಎಲೆಕ್ಟ್ರಾನ್ ಬಿಡ್ತಾರೆ. ಅದು ಹೋಗಿ ವಸ್ತುಗೆ ತಾಗಿ, ಮೈಯೆಲ್ಲ ತಡವಿ, ಹೆಂಗಿದೆ ಅಂತ ಬಂದು ಹೇಳುತ್ತೆ. ಕತ್ಲಲ್ಲಿ ನೀನು ಕೈಯಾಡ್ಸಿ ಡಬ್ಬಿ ಹುಡುಕ್ತೀಯಲ್ಲ, ಹಂಗೆ. ಅದಕ್ಕೆ ಗಾಳಿನೂ ಇರಬಾರ್ದು. ನಾವು ಇಡೋ ಚೂರಿಗೆ ಮೊದ್ಲು ಚಿನ್ನದ ಲೇಪ ಕೊಡ್ಬೇಕು. ನಿನ್ನೆ ಒಂದು ಸೊಳ್ಳೆಗೆ ಕೊಟ್ವಿ."

"ಸೊಳ್ಳೆಗೆ ಚಿನ್ನ. ನಿನ್ ಹೆಂಡ್ತಿ ಕೇಳಿಸ್ಕೊಂಡ್ಳಾ?"

"ಅವ್ಳಿಗೆ ಹೇಳ್ಬೇಡ ಅಕ್ಕ."

ಆ ಯಂತ್ರದಲ್ಲಿ ಕೆಲಸ ಮಾಡುವವಳು ಸುಶ್ಮಿತಾ, ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಭದ್ರಾವತಿಯವಳೇ, ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದವರು. ಅವಳಿಗೆ ಕಲಿಸುವವರು ಕಾಂತರಾಜ್ ಅನ್ನುವ ಪ್ರೊಫೆಸರು. ಅವಳು ಹುಡುಕುತ್ತಿದ್ದದ್ದು ಏನು ಅಂತ ಶಿವು ನನಗೆ ಒಂದು ಭತ್ತದ ಗರಿ ಹಿಡಿದು ಹೇಳಿಕೊಟ್ಟ. ಭತ್ತ ಕೊಯ್ಯುವಾಗ ಗರಿ ತಾಗಿ ಕೈ ಗೀರುತ್ತದಲ್ಲ, ಯಾಕೆ ಗೀರುತ್ತದೆ ಅಂತ ನನ್ನ ಜನ್ಮದಲ್ಲಿ ಯೋಚಿಸಿರಲಿಲ್ಲ. ಅದರೊಳಗೆ ಗಾಜು ಇದೆಯಂತೆ. ಹುಲ್ಲು ನೀರು ಕುಡಿಯುವಾಗ ಮಣ್ಣಿನ ಗಾಜನ್ನೂ ಕುಡಿದು, ತನ್ನ ಮೈಯ ಸಣ್ಣ ಸಣ್ಣ ಕೋಣೆಗಳಲ್ಲಿ ತುಂಬಿಕೊಳ್ಳುತ್ತದೆ. ಹುಲ್ಲು ಕೊಳೆತರೂ ಆ ಗಾಜು ಕೊಳೆಯುವುದಿಲ್ಲ. ಮಣ್ಣಿನಲ್ಲಿ ಸಾವಿರಾರು ವರ್ಷ ಹಾಗೇ ಇರುತ್ತದೆ. ಒಂದೊಂದು ಹುಲ್ಲಿನದು ಒಂದೊಂದು ಆಕಾರ. ಭತ್ತದ ಗರಿಯದು ಬೀಸಣಿಗೆ, ಅಂಚಿಗೆ ಮೀನಿನ ಪೊರೆಯ ಹಾಗೆ ಸಾಲು. ಬೇರೆ ಯಾವ ಹುಲ್ಲಿನ ಬೀಸಣಿಗೆಗೂ ಅಂಥ ಅಂಚು ಇಲ್ಲವಂತೆ.

ನಮ್ಮ ಹೊಳೆಹೊನ್ನೂರಿನ ಕಡೆಯ ಒಂದು ಹಳೆಯ ಕೆರೆಯಲ್ಲಿ, ಬೇಸಿಗೆಯಲ್ಲಿ ನೀರು ಇಂಗಿದಾಗ, ಈ ಹುಡುಗಿ ಉದ್ದನೆಯ ಕೊಳವೆ ಇಳಿಸಿ ಮಣ್ಣು ತೆಗೆದಿದ್ದಳು. ಶಾವಿಗೆ ಒರಳಿನಿಂದ ಹಿಟ್ಟು ಬರುವ ಹಾಗೆ ಎರಡಾಳುದ್ದದ ಕಪ್ಪು ಮಣ್ಣು ಬಂತಂತೆ. ಮೇಲಿನದು ನಮ್ಮ ಕಾಲದ್ದು, ಕೆಳಗೆ ಹೋದ ಹಾಗೆ ಹಿಂದಿನ ಕಾಲದ್ದು, ತಳದ್ದು ನಾಲ್ಕು ಸಾವಿರ ವರ್ಷದ್ದು. ಅದನ್ನು ನಲವತ್ತು ಭಾಗ ಮಾಡಿ, ತೊಳೆದು, ಸಣ್ಣ ಬಟ್ಟಲುಗಳಲ್ಲಿ ಹಾಕಿ, ಓವನ್ನಿನಲ್ಲಿ ಒಣಗಿಸಿ ನೋಡುವುದು. ಯಾವ ಕಾಲದಿಂದ ಇಲ್ಲಿ ಭತ್ತ ಬೆಳೆದರು ಅಂತ ಆ ಬೀಸಣಿಗೆಗಳೇ ಹೇಳುತ್ತವೆ. ಬಟ್ಟಲು ತೊಳೆಯುವುದು, ಓವನ್ನಿನಲ್ಲಿ ಇಡುವುದು, ಚಿನ್ನದ ಲೇಪ ಕೊಡುವುದು ಶಿವುವಿನ ಕೆಲಸ. ಅವನ ಕೈ ಅಷ್ಟು ಹಗುರ ಅಂತ ಅವಳು ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಮೇಲಿನ ಬಟ್ಟಲುಗಳಲ್ಲಿ ಬೀಸಣಿಗೆ ಸಿಕ್ಕಿದವು. ನಡುವಿನವುಗಳಲ್ಲಿ ಒಂದೂ ಇಲ್ಲ. ದಸರಾ ರಜ ಮುಗಿಸಿ ಬಂದು ತಳದ ಎಂಟು ಬಟ್ಟಲು ನೋಡಿದಳು ನೋಡು, ಎಂಟರಲ್ಲೂ ಬೀಸಣಿಗೆ. ನಾಲ್ಕು ಸಾವಿರ ವರ್ಷದ ಹಿಂದೆ ನಮ್ಮಲ್ಲಿ ಭತ್ತ. ಹಿಂದೆ ಯಾರೂ ಕಂಡಿರದ ವಿಷಯ. ನಡುವೆ ಮಳೆ ಕೈಕೊಟ್ಟು ಭತ್ತ ಬಿಟ್ಟಿರಬೇಕು, ಆಮೇಲೆ ಮತ್ತೆ ಶುರು ಮಾಡಿರಬೇಕು ಅಂದರು ಪ್ರೊಫೆಸರು. ಸುಶ್ಮಿತಾ ಆ ಬೀಸಣಿಗೆಯ ಫೋಟೋ ದೊಡ್ಡದಾಗಿ ಮಾಡಿಸಿ ಗೋಡೆಗೆ ಅಂಟಿಸಿದಳು. ಲೇಖನ ಬರೆದು ಅಚ್ಚಿಗೆ ಕಳಿಸಿದಳು. ಫೆಬ್ರವರಿಯ ಕೊನೆಯ ಭಾನುವಾರ ಊರ ಜನರಿಗೆಲ್ಲ ಲ್ಯಾಬು ತೆರೆದು ತೋರಿಸುವುದು, ಕೆರೆಯ ಊರಿನವರನ್ನೂ ಕರೆಸಿ ಅವರೆದುರಿಗೇ ಇದನ್ನು ಹೇಳುವುದು ಅಂತ ನಿಶ್ಚಯವಾಯಿತು. ಬರುವವರು ತಮ್ಮ ಮನೆಯಿಂದ ಚಿಟಿಕೆಯಷ್ಟು ಏನಾದರೂ ತರಬಹುದು, ಅದನ್ನೂ ದೊಡ್ಡದು ಮಾಡಿ ತೋರಿಸುತ್ತಾರೆ.

ಭಾನುವಾರ ಜನಜಂಗುಳಿ, ನನ್ನ ಮಂಡಿ ಕೇಳುವುದಿಲ್ಲ ಅಂತ ಶಿವು ಗುರುವಾರವೇ ನನ್ನನ್ನು ಕರೆದುಕೊಂಡು ಹೋದ. ಚಪ್ಪಲಿ ಹೊರಗೆ ಬಿಡಿಸಿದ. ಒಳಗೆ ಏಸಿಯ ಚಳಿ. ಯಂತ್ರ ಅಂದರೆ ನಾನು ಏನೋ ಅಂದುಕೊಂಡಿದ್ದೆ, ನೋಡಿದರೆ ಒಂದು ಬಿಳೀ ಬೀರು, ಪಕ್ಕದಲ್ಲಿ ಟೀವಿ. ಸುಶ್ಮಿತಾ ಸಭೆಗೆ ಹೋಗಿದ್ದಳು, ನಾವಿಬ್ಬರೇ.

ಅವನು ಮೊದಲು ಸೊಳ್ಳೆಯ ಕಣ್ಣು ತೋರಿಸಿದ. ಇಂಪನಾ, ಅದನ್ನು ಹೇಗೆ ಹೇಳಲಿ ನಿನಗೆ. ಬಣ್ಣವಿಲ್ಲ, ಎಲ್ಲ ಬೂದು. ಸಾಸಿವೆ ಕಾಳನ್ನು ಒಂದೊಂದೇ ಕೈಯಲ್ಲಿ ಜೋಡಿಸಿಟ್ಟ ಹಾಗೆ ಸಾಲು ಸಾಲು ಸಾಲು, ಒಂದೂ ಸಾಲು ತಪ್ಪಿಲ್ಲ. ನಾನು ಎಪ್ಪತ್ತೆರಡು ವರ್ಷದಲ್ಲಿ ಎಷ್ಟು ಸೊಳ್ಳೆಗಳನ್ನು ಚಪ್ಪಾಳೆ ತಟ್ಟಿ ಒರೆಸಿ ಹಾಕಿದ್ದೇನೆ. ಅಷ್ಟು ಸಲವೂ ಅದು ಆ ಕಣ್ಣಿಂದ ನನ್ನನ್ನು ನೋಡಿತ್ತಲ್ಲ ಅನ್ನಿಸಿ ಮೈ ಜುಮ್ಮೆಂದಿತು. ಆಮೇಲೆ ಉಪ್ಪಿನ ಹರಳು, ಬಡಗಿ ಕೂತು ಕೆತ್ತಿದ ಹಾಗೆ ಚೌಕ. ಆಮೇಲೆ ನನ್ನದೇ ತಲೆಯ ಒಂದು ಬಿಳಿ ಕೂದಲು, ತೆಂಗಿನ ಮರದ ಹಾಗೆ ಸುತ್ತಲೂ ಪದರ ಪದರ.

"ಇನ್ನೇನು ಬೇಕು ಹೇಳು," ಅಂದ.

ನಾನು ಸೊಂಟದ ಚೀಲ ಬಿಚ್ಚಿ ವಿಭೂತಿ ಗಟ್ಟಿಯ ಒಂದು ಚೂರು ಕೊಟ್ಟೆ. ಆ ವಿಭೂತಿ ಅವನೇ ಮಾಡುವುದು. ಭತ್ತದ ಹುಲ್ಲು ತಿಂದ ಹಸುವಿನ ಸಗಣಿಯನ್ನು ಉಂಡೆ ಕಟ್ಟಿ, ಒಣಗಿಸಿ, ಭತ್ತದ ಹೊಟ್ಟಿನಲ್ಲಿ ಹೂತು ಸುಟ್ಟು, ಸೋಸಿ, ಗಟ್ಟಿ ಮಾಡಿ, ವರ್ಷಕ್ಕೊಮ್ಮೆ ನಂಟರಿಗೆಲ್ಲ ಹಂಚುತ್ತಾನೆ.

"ಬೂದಿಯಲ್ಲಿ ಏನಿರುತ್ತೆ ಅಕ್ಕ, ಬೂದಿ ಇರುತ್ತೆ" ಅಂದ. ಆದರೂ ಇಟ್ಟ. ಚಿನ್ನದ ಲೇಪ ಕೊಟ್ಟು, ಯಂತ್ರದೊಳಗೆ ಸೇರಿಸಿ, ಗಾಳಿ ಹೋಗುವವರೆಗೆ ಕಾದೆವು. ಟೀವಿಯಲ್ಲಿ ಬೂದು ಮಂಜು ಬಂತು, ಅವನು ಕೈಯಾಡಿಸುತ್ತಾ ಹೋದ ಹಾಗೆ ಮಂಜು ತಿಳಿಯಾಯಿತು.

ಬೂದಿ ಅಲ್ಲ ಅದು. ಹೊಲ. ಮುಳ್ಳು ಮುಳ್ಳಿನ ಕಡ್ಡಿಗಳು, ಒಂದರ ಪಕ್ಕ ಒಂದು ಗುಬುಟು ಎದ್ದಿರುವ ಹೊಟ್ಟಿನ ಚಪ್ಪಡಿಗಳು, ಎರಡು ತಲೆಯ ಡಂಬೆಲ್ಲಿನ ಹಾಗಿರುವ ತುಂಡುಗಳ ಸರ. ಹಸು ಅಗಿದು, ನುಂಗಿ, ಮೆಲುಕು ಹಾಕಿ, ಸಗಣಿಯಾಗಿ, ಬೆಂಕಿಯಲ್ಲಿ ಬೆಂದು, ನನ್ನ ಹಣೆಗೆ ಬಂದ ಮೇಲೂ ಹುಲ್ಲು ಹುಲ್ಲಾಗಿಯೇ ಇತ್ತು. ಸುಟ್ಟ ಮೇಲೆ ಏನೂ ಉಳಿಯುವುದಿಲ್ಲ ಅಂತ ಅಲ್ಲವೇ ನಾವು ಅದನ್ನು ಹಚ್ಚಿಕೊಳ್ಳುವುದು. ನಿನ್ನ ಅಜ್ಜನನ್ನು ಮಣ್ಣು ಮಾಡಿದ ದಿನ ಅವರ ಹಣೆಗೆ ಹಚ್ಚಿದ್ದೂ ಇದೇ. ನಾನು ಕೈ ಮುಗಿದುಬಿಟ್ಟೆ. ಟೀವಿಗೆ ಕೈ ಮುಗಿದೆ, ನಗಬೇಡ.

"ಶಿವು, ಅಗೋ ಆ ಮೂಲೇಲಿ ಬೀಸಣಿಗೆ" ಅಂದೆ. "ನೀನು ಹೇಳಿದ್ಯಲ್ಲ, ಮೀನಿನ ಪೊರೆ ಇರೋದು."

ಅವನು ಟೀವಿ ನೋಡಿದ, ಗೋಡೆಯ ಮೇಲಿದ್ದ ಫೋಟೋ ನೋಡಿದ, ಮತ್ತೆ ಟೀವಿ ನೋಡಿದ. ಆಮೇಲೆ ತಿರುಗಿ, ಮೂಲೆಯಲ್ಲಿದ್ದ ಓವನ್ನಿನ ಕಡೆ ನೋಡುತ್ತಾ ನಿಂತುಬಿಟ್ಟ.

ಮನೆಗೆ ಬಂದು ತಟ್ಟೆ ಮುಂದೆ ಕೂತ ಮೇಲೆ ಬಾಯಿ ಬಿಟ್ಟ. ದಸರೆಯ ಆಯುಧಪೂಜೆಗೆ ಲ್ಯಾಬಿನ ಯಂತ್ರಗಳಿಗೆಲ್ಲ ಹೊರಗಡೆ ವಿಭೂತಿ ಕುಂಕುಮ ಹಚ್ಚಿದ್ದು ಎಲ್ಲರೂ ನೋಡಿದ್ದರು. ಎಲ್ಲರೂ ಹೋದ ಮೇಲೆ ಇವನು ಓವನ್ನಿನ ಬಾಗಿಲು ತೆಗೆದು, ಉಜ್ಜನಪ್ಪನವರು ಹೇಳಿಕೊಟ್ಟ ಹಾಗೆ, ಒಳಗಿನ ಗೋಡೆಗೆ ಮೂರು ಪಟ್ಟೆ ಎಳೆದಿದ್ದ. ಆ ಓವನ್ನಿನೊಳಗೆ ಬಿಸಿಗಾಳಿ ಬೀಸುವ ಫ್ಯಾನಿದೆ. ಪಟ್ಟೆ ಒಣಗಿ, ಉದುರಿ, ಗಾಳಿಗೆ ಹಾರಿ, ತೆರೆದ ಬಟ್ಟಲುಗಳಿಗೆ ಬಿದ್ದಿರಬೇಕು. ದಸರಾ ಆದ ಮೇಲೆ ಅದರಲ್ಲಿ ಒಣಗಿದ್ದು ತಳದ ಆ ಎಂಟು ಬಟ್ಟಲುಗಳೇ.

"ಹಾಗಾದ್ರೆ ಆ ನಾಲ್ಕು ಸಾವಿರ ವರ್ಷದ ಭತ್ತ?" ಅಂದೆ.

"ನಮ್ಮನೆ ವಿಭೂತಿ ಅಕ್ಕ."

ನಾನು ಆಗ ಏನು ಹೇಳಿದೆ ಅಂತ ಮುಚ್ಚಿಡುವುದಿಲ್ಲ. ದೊಡ್ಡವಳಾಗಿ ನಾನು ಹೇಳಿದ್ದು ಒಳ್ಳೆಯ ಮಾತಲ್ಲ. "ಯಾರು ನೋಡಿದಾರೆ ಶಿವು? ಒದ್ದೆ ಬಟ್ಟೇಲಿ ಒರೆಸಿ ಹಾಕು. ಬರೋ ತಿಂಗ್ಳು ನಿನ್ ಕೆಲ್ಸ ಮುಂದುವರ್ಸ್ಬೇಕಾದೋರು ಅವ್ರೇ ಅಲ್ವಾ. ಆ ಹುಡುಗೀಗೂ ಖುಷಿಯಾಗಿದೆ, ಊರೋರಿಗೂ ಖುಷಿಯಾಗಿದೆ. ಯಾರಿಗೇನು ನಷ್ಟ?" ಅಂದೆ.

ಅವನು ಅನ್ನವನ್ನು ಬೆರಳಲ್ಲಿ ಕೆದಕುತ್ತಾ ಕೂತಿದ್ದ. "ಆ ಹುಡುಗಿ ಒಂದೊಂದು ಬೀಸಣಿಗೆನೂ ಎಣಿಸಿದಾಳೆ ಅಕ್ಕ. ಕಣ್ಣು ಕೆಂಪಾಗೋ ತನ್ಕ ಎಣಿಸಿದಾಳೆ. ನಾನು ಪಕ್ಕದಲ್ಲೇ ಇದ್ದೆ. ನಾಳೆ ಅದು ಪುಸ್ತಕದಲ್ಲಿ ಅಚ್ಚಾಗುತ್ತೆ, ಇನ್ಯಾರೋ ಓದಿ ಅದ್ರ ಮೇಲೆ ಇನ್ನೊಂದು ಬರೀತಾರೆ. ಅಷ್ಟಕ್ಕೂ ಕೆಳಗಡೆ ನಮ್ ಬೂದಿ ಇರುತ್ತೆ," ಅಂದ. ಎದ್ದು ಕೈ ತೊಳೆದುಕೊಂಡು ಹೋದ. ಬಡಿಸಿದ್ದ ಅನ್ನ ಹಾಗೇ ಉಳಿಯಿತು.

ಮಾರನೆಯ ದಿನ ಅವನು ಊಟಕ್ಕೆ ಬರಲಿಲ್ಲ. ಅವತ್ತು ನಡೆದದ್ದನ್ನು ಅವನೂ ಹೇಳಿದ, ಆಮೇಲೆ ಸುಶ್ಮಿತಾನೂ ನಮ್ಮ ಮನೆಗೆ ಬಂದಾಗ ಹೇಳಿದಳು. ಇಬ್ಬರು ಹೇಳಿದ್ದೂ ಒಂದೇ.

ಶುಕ್ರವಾರ ಬೆಳಿಗ್ಗೆ ಅವಳು ಬಾಗಿಲಲ್ಲಿ ಕಾಣಿಸಿದ ಕೂಡಲೇ ಇವನು ಓವನ್ನಿನ ಬಾಗಿಲು ತೆರೆದು ನಿಂತ. ಒಳಗೆ ಟಾರ್ಚು ಬಿಟ್ಟ. ಮೇಲುಗಡೆ ಗೋಡೆಯಲ್ಲಿ ಮಾಸಿದ ಮೂರು ಗೆರೆ.

"ಏನಿದು ಶಿವಣ್ಣ?"

"ವಿಭೂತಿ ಮೇಡಂ. ಆಯುಧಪೂಜೆ ದಿನ ನಾನೇ ಹಚ್ಚಿದ್ದು. ಇದ್ರಲ್ಲಿ ಭತ್ತದ ಹುಲ್ಲಿದೆ. ನಿನ್ನೆ ನಮ್ಮಕ್ಕ ಬಂದಾಗ ನೋಡಿದ್ವಿ. ಬೀಸಣಿಗೆ ಇದೆ ಮೇಡಂ. ನಿಮ್ಮ ಬೀಸಣಿಗೆ."

ಅವಳು ನಂಬಲಿಲ್ಲ. ನಂಬಬಾರದು ಅಂತಲೂ ಇತ್ತೇನೋ. ಒಂದು ಖಾಲಿ ಬಟ್ಟಲು ತೆಗೆದುಕೊಂಡು, ಶುದ್ಧ ನೀರಿನಲ್ಲಿ ಏಳು ಸಲ ತೊಳೆದು, ಅದೇ ಓವನ್ನಿನಲ್ಲಿಟ್ಟು ಫ್ಯಾನು ಹಾಕಿದಳು. ಬಟ್ಟಲಲ್ಲಿ ಮಣ್ಣಿಲ್ಲ, ಏನೂ ಇಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ಎರಡು ಸ್ಟೂಲಿನ ಮೇಲೆ ಎದುರುಬದುರು ಕೂತಿದ್ದರಂತೆ. ಆಮೇಲೆ ಆ ಖಾಲಿ ಬಟ್ಟಲಿನ ತಳಕ್ಕೆ ಅಂಟಿದ್ದನ್ನು ಒರೆಸಿ ತೆಗೆದು ಯಂತ್ರದೊಳಗಿಟ್ಟರು. ಒಂದು ಬೀಸಣಿಗೆ ಬಂತು. ಪಕ್ಕಕ್ಕೆ ಸರಿಸಿದಳು, ಇನ್ನೊಂದು. ಹೊಟ್ಟಿನ ಚಪ್ಪಡಿ. ಮತ್ತೊಂದು ಬೀಸಣಿಗೆ.

ಸುಶ್ಮಿತಾ ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು. "ಎಂಟು ಬಟ್ಟಲು ಶಿವಣ್ಣ" ಅಂದಳು. ಅಷ್ಟೇ.

ಪ್ರೊಫೆಸರು ಬಂದರು. ಅವರಿಗೆ ಸಿಟ್ಟು ಬರುವುದು ಸಹಜ.

"ಹೊರಗಡೆ ಹಚ್ಚಿ ಅಂತ ನಾನೇ ಹೇಳಿದ್ದೆ. ಒಳಗೆ ಹಚ್ಚೋಕೆ ಯಾರ್ರೀ ಹೇಳಿದ್ದು?"

"ಉಜ್ಜನಪ್ಪನೋರು ಸರ್."

"ಯಾವ ಡಿಪಾರ್ಟ್‌ಮೆಂಟು? ಕರೀರಿ ಅವ್ರನ್ನ."

"ಕಾಗದನಗರದೋರು ಸರ್. ತೀರ್ಕೊಂಡು ಹನ್ನೊಂದು ವರ್ಷ ಆಯ್ತು."

ಸುಶ್ಮಿತಾ ಅಳುವಿನ ನಡುವೆಯೂ ನಕ್ಕುಬಿಟ್ಟಳಂತೆ. ಪ್ರೊಫೆಸರು ನಗಲಿಲ್ಲ. ಲ್ಯಾಬಿನ ಕೀ ಇಸಿದುಕೊಂಡರು. "ಭಾನುವಾರ ನೀವು ಒಳಗೆ ಬರೋದು ಬೇಡ, ಗೇಟಲ್ಲಿ ಟೋಕನ್ ಕೊಡಿ. ಸೋಮವಾರ ನಿಮ್ಮ ವಿಷಯ ನೋಡೋಣ" ಅಂದರು. ಲೇಖನ ವಾಪಸ್ ತೆಗೆದುಕೊಂಡರು. ಗೋಡೆಯ ಫೋಟೋ ಕಿತ್ತರು. ಆದರೆ ಕೆರೆಯ ಊರಿನವರಿಗೆ ಬರಬೇಡಿ ಅಂತ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಭಾನುವಾರ ಮಂಡಿ ನೋವು ಮನೆಯಲ್ಲೇ ಬಿಟ್ಟು ನಾನೂ ಹೋದೆ. ತಮ್ಮ ಗೇಟಿನಲ್ಲಿ ನಿಂತು ಟೋಕನ್ ಹರಿಯುವಾಗ ನಾನು ಮನೆಯಲ್ಲಿ ಹೇಗೆ ಕೂರಲಿ. ಜನ ಅಂದರೆ ಜನ. ಒಬ್ಬರ ಕೈಯಲ್ಲಿ ಚಿಟ್ಟೆಯ ರೆಕ್ಕೆ, ಒಬ್ಬರ ಕೈಯಲ್ಲಿ ರಾಗಿಹಿಟ್ಟು, ಯಾರೋ ಒಬ್ಬರು ತಮ್ಮ ಹಲ್ಲಿನ ಚೂರು ಪೊಟ್ಟಣ ಕಟ್ಟಿ ತಂದಿದ್ದರು. ಹನ್ನೊಂದು ಗಂಟೆಗೆ ಕೆರೆಯ ಊರಿನವರು ಟೆಂಪೋದಲ್ಲಿ ಬಂದಿಳಿದರು, ಮುಂದೆ ದ್ಯಾಮಮ್ಮ. ಕೆರೆಯ ಏರಿಯ ಕೆಳಗೆ ಅವಳ ಗದ್ದೆ. ಕೊಳವೆ ಇಳಿಸಿದ ದಿನ ಸುಶ್ಮಿತಾಗೆ ಮಜ್ಜಿಗೆ ಕೊಟ್ಟವಳು ಅವಳೇ. ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು.

ನೇರವಾಗಿ ಒಳಗೆ ಹೋಗಿ, "ಎಲ್ಲವ್ವ, ನಮ್ ಕೆರೆ ಭತ್ತ ತೋರ್ಸು" ಅಂದಳು.

ಸುಶ್ಮಿತಾ ಫೋಟೋ ಕಿತ್ತ ಗೋಡೆಯ ಕಡೆ ನೋಡಿದಳು. ಪ್ರೊಫೆಸರು ಕನ್ನಡಕ ಒರೆಸಿಕೊಂಡರು. ನಾನು ತಿರುಗಿ ನೋಡಿದರೆ ಶಿವು ಟೋಕನ್ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದಿದ್ದಾನೆ, ಚಪ್ಪಲಿ ಬಾಗಿಲಲ್ಲಿ ಬಿಟ್ಟು.

"ದ್ಯಾಮಮ್ಮ, ಅದು ನಿಮ್ ಕೆರೇದಲ್ಲ" ಅಂದ. "ಅದು ನಾನು ಮಾಡಿದ ತಪ್ಪು. ಪೂಜೆ ದಿನ ಆ ಓವನ್ ಒಳಗೆ ವಿಭೂತಿ ಹಚ್ಚಿದೆ. ವಿಭೂತೀಲಿ ಭತ್ತದ ಹುಲ್ಲು ಇತ್ತು. ಅದು ನಿಮ್ ಮಣ್ಣಿಗೆ ಬಿತ್ತು. ಈ ಹುಡುಗಿ ತಪ್ಪೇನಿಲ್ಲ."

ದ್ಯಾಮಮ್ಮ ಅವನ ಮುಖವನ್ನು, ಹಣೆಯನ್ನು ನೋಡಿದಳು.

"ಅಂದ್ರೆ ನಾವು ಟೆಂಪೋ ಮಾಡ್ಕೊಂಡು ಬಂದಿದ್ದು ನಿನ್ ಹಣೆ ನೋಡಾಕಾ?" ಅಂದಳು.

ಮೊದಲು ನಕ್ಕಿದ್ದು ಅವಳ ಊರಿನವರೇ. ಆಮೇಲೆ ಎಲ್ಲರೂ. ನಗು ನಿಂತ ಮೇಲೆ ಅವಳು, "ಸುಟ್ಟ ಬೂದೀಲಿ ಹುಲ್ಲು ಹೆಂಗೆ ಇರ್ತತಿ? ಸುಳ್ಳು ಹೇಳ್ತೀಯ. ತೋರ್ಸು ನೋಡಾನ" ಅಂದಳು.

ಶಿವು ಪ್ರೊಫೆಸರ ಕಡೆ ನೋಡಿದ. ಸುಶ್ಮಿತಾ ತನ್ನ ಕುರ್ಚಿ ಬಿಟ್ಟು ಎದ್ದು, "ಕೂತ್ಕೊಳ್ಳಿ ಶಿವಣ್ಣ, ನೀವೇ ತೋರ್ಸಿ" ಅಂದಳು.

ದ್ಯಾಮಮ್ಮ ತನ್ನದೇ ಮನೆಯ ಒಲೆಯ ಬೂದಿ ಯಾಕೆ ತರಲಿಲ್ಲವೋ ಅಂತ ಪೇಚಾಡುತ್ತಾ ನಿಂತಳು. ನನ್ನ ಚೀಲದ ವಿಭೂತಿಯನ್ನೇ ಕೊಟ್ಟೆ. ಟೀವಿಯಲ್ಲಿ ಮಂಜು ಬಂತು, ಹೋಯಿತು. ಆ ಹೊಲ ಎದ್ದು ನಿಂತಿತು. ನಲವತ್ತು ಐವತ್ತು ಜನ ಕತ್ತು ಚಾಚಿ ನಿಂತಿದ್ದರು. ಶಿವು ಒಂದೊಂದನ್ನೂ ಹೆಸರಿಟ್ಟು ಹೇಳಿದ: ಇದು ಗರಿಯದು, ಇದು ಹೊಟ್ಟಿನದು, ಇದು ದಂಟಿನದು. ಅವನು ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ದ್ಯಾಮಮ್ಮ ಹತ್ತಿರ ಹೋಗಿ ಬೆರಳಿನಿಂದ ಟೀವಿಯ ಮೇಲಿನ ಬೀಸಣಿಗೆಯ ಅಂಚನ್ನು ಸವರಿದಳು. ಮೂವತ್ತು ವರ್ಷ ಭತ್ತ ಕೊಯ್ದು ಗೆರೆ ಗೆರೆಯಾದ ಬೆರಳು.

"ಇದೇ ನನ್ ಕೈ ಕುಯ್ಯೋದು" ಅಂದಳು, ಮೆಲ್ಲಗೆ, ಪರಿಚಯದವರನ್ನು ಕಂಡ ಹಾಗೆ. ಆಮೇಲೆ ಸುಶ್ಮಿತಾ ಕಡೆ ತಿರುಗಿ, "ನಮ್ ಕೆರೆ ಮಣ್ಣು ಇನ್ನೂ ಉಳ್ದೈತೇನವ್ವ?"

"ಅರ್ಧ ಫ್ರಿಜ್ಜಲ್ಲಿದೆ ಅಮ್ಮ."

"ಮತ್ತೆ ನೋಡು. ಭತ್ತ ಇಲ್ಲಾಂದ್ರೆ ಇಲ್ಲ. ಏನಿತ್ತೋ ಅದನ್ನ ಹೇಳು."

ಸಾಯಂಕಾಲದವರೆಗೂ ಸಾಲು ಕರಗಲಿಲ್ಲ. ಹಣೆಗೆ ವಿಭೂತಿ ಇಟ್ಟವರೆಲ್ಲ ಅದನ್ನೇ ಒರೆಸಿ ಕೊಟ್ಟು ನೋಡಬೇಕು ಅನ್ನುವವರೇ. ಒಬ್ಬರದು ಬರೀ ಸುಣ್ಣದ ಪುಡಿ ಅಂತ ಗೊತ್ತಾಗಿ, ಅವರು ಅಂಗಡಿಯವನನ್ನು ಬೈದುಕೊಂಡು ಹೋದರು. ಕೊನೆಯವರು ಹೋದ ಮೇಲೆ ಪ್ರೊಫೆಸರು ಶಿವುವಿನ ಹತ್ತಿರ ಬಂದು ನಿಂತರು.

"ಆ ಓವನ್ ಕ್ಲೀನ್ ಮಾಡೋಕೆ ಎಷ್ಟು ದಿನ ಬೇಕು?" ಅಂದರು.

"ಮೂರು ದಿನ ಸರ್."

"ನಾಲ್ಕು ತಗೊಳ್ಳಿ" ಅಂದು ಕೀ ಮೇಜಿನ ಮೇಲಿಟ್ಟು ಹೋದರು.

ನಾಲ್ಕು ದಿನ ಅವನು ಆ ಓವನ್ನಿನ ಹೊಟ್ಟೆಯೊಳಗೆ ತಲೆ ತೂರಿಸಿ ಉಜ್ಜಿದ. ಫ್ಯಾನು ಬಿಚ್ಚಿ ತೊಳೆದ. ಈಗ ಅವರಲ್ಲಿ ಒಂದು ಹೊಸ ಪದ್ಧತಿ. ಪ್ರತಿ ಸಲ ಮಣ್ಣಿನ ಬಟ್ಟಲುಗಳ ನಡುವೆ ಒಂದು ಖಾಲಿ ಬಟ್ಟಲು ಇಡುತ್ತಾರೆ, ಮೇಲಿಂದ ಏನಾದರೂ ಬಿದ್ದರೆ ಅದಕ್ಕೂ ಬೀಳಲಿ ಅಂತ. ಮೊದಲು ನೋಡುವುದು ಅದನ್ನೇ.

ಅದರ ಮುಂದಿನ ವಾರ, ಬುಧವಾರ, ಅವನು ಊಟಕ್ಕೆ ತಡವಾಗಿ ಬಂದ. ಬಾಗಿಲಲ್ಲೇ ನಿಂತು ಹೇಳಿದ. "ಅಕ್ಕ, ಖಾಲಿ ಬಟ್ಟಲು ನೋಡಿದ್ವಿ. ಏನೂ ಇಲ್ಲ. ಎಲ್ಲಿ ಸರ್ಸಿದ್ರೂ ಏನೂ ಇಲ್ಲ. ಮಳೆಗಾಲ ಮುಗಿದ್ಮೇಲೆ ಆಕಾಶ ಇರುತ್ತಲ್ಲ, ಹಂಗೆ. ಅರ್ಧ ಗಂಟೆ ಏನೂ ಇಲ್ಲದ್ದನ್ನೇ ನೋಡ್ಕೊಂಡು ಕೂತಿದ್ವಿ."

"ತಳದ ಮಣ್ಣು?"

"ಒಂದು ಬಟ್ಟಲು ನೋಡಿದ್ವಿ. ಬೀಸಣಿಗೆ ಒಂದೂ ಇಲ್ಲ."

ನನಗೆ ಆ ಹುಡುಗಿಯ ಮುಖ ನೆನಪಾಯಿತು. "ಅಳ್ತಾಳೇನೋ?"

"ಇಲ್ಲ ಅಕ್ಕ. ಅದ್ರಲ್ಲಿ ಬೇರೆ ಏನೋ ಇದೆ. ಕುದುರೆ ಜೀನು ಥರ, ನಡುವೆ ತಗ್ಗು, ಎರಡು ಕಡೆ ಕಿವಿ ಎತ್ತಿದೆ. ಒಂದೆರಡಲ್ಲ, ರಾಶಿ. ಯಾವ ಹುಲ್ಲು ಅಂತ ಅವ್ಳಿಗೂ ಗೊತ್ತಿಲ್ಲ, ಸರ್‌ಗೂ ಗೊತ್ತಿಲ್ಲ. ನಾಲ್ಕು ಸಾವಿರ ವರ್ಷದಿಂದ ಯಾರೂ ನೋಡಿಲ್ಲ ಅದನ್ನ. ನಾವು ಮೂರು ಜನ ನೋಡಿದ್ವಿ."

ಹೇಳುವಾಗ ಅವನ ಕಣ್ಣು ಅಂದು ನನ್ನ ಸೊಂಟದ ಮೇಲಿದ್ದ ಕೂಸಿನ ಕಣ್ಣಿನಷ್ಟೇ ಅಗಲವಾಗಿತ್ತು. ಬಡಿಸಲಾ ಅಂದರೆ, ನಿಂತಲ್ಲೇ ಎರಡು ತುತ್ತು ಮೊಸರನ್ನ ನುಂಗಿ ಕೈ ತೊಳೆದ.

"ಕೂತ್ಕೊಂಡು ಉಣ್ಣೋ ಮಾರಾಯ. 'ಏನದು' ಅಂತ ಅವ್ರು ನೋಡ್ಲಿ, ನಿನಗೇನು ಅವಸರ?"

"ಇನ್ನೂ ಏಳು ಬಟ್ಟಲಿದೆ ಅಕ್ಕ" ಅಂದವನೇ ಮೆಟ್ಟಿಲಿಳಿದು ಹೊರಟ.